ಏಳನೆಯ ಹಾಸಿಗೆಯ ವಿಮರ್ಶಕ

"ಇದು ನಮ್ಮನೆಗೆ ಬೇಡಮ್ಮ. ನೀವೇ ಇಟ್ಕೊಳ್ಳಿ."

ಮುದುಕಿ ಕೈಚೀಲದಿಂದ ಒಂದು ಕಾಫಿ ಮಗ್ ತೆಗೆದು ಮಾರ್ಲಿಸ್ ಕೊಸ್ಕಿಯ ಮೇಜಿನ ಮೇಲೆ ಕುಕ್ಕಿದರು. ಬಿಳಿ ಮಗ್. ಅದರ ಮೇಲೆ ನೀಲಿ ಬಣ್ಣದಲ್ಲಿ ಎರಡು ಶ್ವಾಸಕೋಶ, ಕೆಳಗೆ 'ಉಸಿರು ಮತ್ತು ಆರೈಕೆ' ಎಂದು ವೈದ್ಯಕೀಯ ಪತ್ರಿಕೆಯ ಹೆಸರು. ಒಳಗೆ ಮಡಿಸಿಟ್ಟ ಒಂದು ಕಾರ್ಡೂ ಇತ್ತು.

ಮಾರ್ಲಿಸ್ ಎದ್ದು ನಿಂತಳು. ಅಮೆರಿಕದ ಉತ್ತರಕ್ಕಿರುವ ಡುಲೂತ್ ಊರಿನ ಜನವರಿ, ಹೊರಗೆಲ್ಲ ಹಿಮ. ಬಂದವರು ಬೂಟು ಬಾಗಿಲಲ್ಲೇ ಕಳಚಿ ಉಣ್ಣೆಯ ಕಾಲುಚೀಲದಲ್ಲಿ ನಿಂತಿದ್ದರು, ಕೋಟಿನ ಗುಂಡಿ ಮಾತ್ರ ಬಿಚ್ಚಿರಲಿಲ್ಲ. ಕೂರಲು ಬಂದವರಲ್ಲ ಎಂದು ಅದರಿಂದಲೇ ತಿಳಿಯುತ್ತಿತ್ತು.

"ಒಡೆದು ಬಂತಾ ಅಮ್ಮ? ಬೇರೆ ಕಳಿಸ್ತೀನಿ."

"ಒಡೆದಿಲ್ಲ. ಕಾರ್ಡ್ ಓದಿ."

ಓದುವುದೇನು ಬಂತು, ಆ ಒಕ್ಕಣೆ ಬರೆದವಳೇ ಮಾರ್ಲಿಸ್. ಪತ್ರಿಕೆಗೆ ಬರುವ ಲೇಖನಗಳನ್ನು ಅಚ್ಚಿಗೆ ಮೊದಲು ಗುಟ್ಟಾಗಿ ಓದಿ, ತಪ್ಪು ಹುಡುಕಿ, ಹಾಕಿ ಅಥವಾ ಬಿಡಿ ಎಂದು ಬರೆದು ಕೊಡುವ ವಿಮರ್ಶಕರಿಗೆ ವರ್ಷದ ಕೊನೆಗೆ ಹೋಗುವ ಕಾರ್ಡು ಅದು. ಬಿಟ್ಟಿ ಚಾಕರಿ ಮಾಡಿದವರಿಗೆ ಒಂದು ಮಗ್, ಡಿಸೆಂಬರ್ ಸಂಚಿಕೆಯ ಕೊನೆಯ ಪುಟದಲ್ಲಿ ಸಣ್ಣಕ್ಷರದಲ್ಲಿ ಒಂದು ಹೆಸರು. ಇನ್ನೇನೂ ಇಲ್ಲ.

ಕಾರ್ಡಿನಲ್ಲಿ ಹೀಗಿತ್ತು: 'ರೇಮಂಡ್ ಟುಮೆಲಾ ಅವರಿಗೆ, ಅಕ್ಟೋಬರ್ ಒಂಬತ್ತರಂದು ತಾವು ಕಳಿಸಿದ ವಿಮರ್ಶೆಗಾಗಿ ಹೃತ್ಪೂರ್ವಕ ಕೃತಜ್ಞತೆಗಳು.'

"ನಾನು ಡೋರೀನ್. ರೇ ಹೆಂಡತಿ," ಎಂದರು ಮುದುಕಿ. "ಅವರು ಹೋಗಿದ್ದು ಹೋದ ಫೆಬ್ರವರಿ ಹನ್ನೊಂದಕ್ಕೆ. ನೆಲ ಕಲ್ಲಾಗಿತ್ತು, ಹೂಳೋಕೆ ಮೇ ತಿಂಗಳವರೆಗೆ ಕಾದ್ವಿ. ಮತ್ತೆ ಅಕ್ಟೋಬರಲ್ಲಿ ಎದ್ದು ಬಂದು ನಿಮ್ಮ ಕೆಲಸ ಮಾಡ್ಕೊಟ್ರಾ?"

ಮಾರ್ಲಿಸ್ ಕಾರ್ಡು ಕೆಳಗಿಟ್ಟಳು. "ಅಯ್ಯೋ ದೇವರೇ. ನಂಗೆ ಗೊತ್ತೇ ಇರ್ಲಿಲ್ಲ ಅಮ್ಮ."

ಸುಳ್ಳಲ್ಲ. ಹನ್ನೊಂದು ವರ್ಷ ರೇ ಜೊತೆ ಅವಳು ಪತ್ರ ಬರೆದುಕೊಂಡಿದ್ದಳು, ಮುಖ ನೋಡಿರಲಿಲ್ಲ. ಈ ಕಸುಬಿನಲ್ಲಿ ಯಾರೂ ಯಾರ ಮುಖವನ್ನೂ ನೋಡಿರುವುದಿಲ್ಲ. ಆದರೂ ಪತ್ರಿಕೆಯಲ್ಲಿ ರೇ ಅಂದರೆ ಒಂದು ಹೆದರಿಕೆಯೇ ಇತ್ತು. ಆತ ಪಾಸು ಮಾಡಿದ ಲೇಖನದಲ್ಲಿ ಮತ್ತೆ ತಪ್ಪು ಹುಡುಕುವ ಗೋಜಿಗೆ ಯಾರೂ ಹೋಗುತ್ತಿರಲಿಲ್ಲ.

"ಗೊತ್ತಿರ್ಲಿಲ್ಲ ಅಂದ್ರೆ ಹೆಂಗಮ್ಮ? ನಿಮ್ಮ ದೊಡ್ಡ ಡಾಕ್ಟ್ರು ಸಾವಿನ ಪ್ರಾರ್ಥನೆಗೆ ಚರ್ಚಿಗೆ ಬಂದಿದ್ರಲ್ಲ!"

"ಯಾವ ಡಾಕ್ಟ್ರು?"

"ಇಗೋ, ಕಾರ್ಡಿಗೆ ಸಹಿ ಹಾಕಿದಾರಲ್ಲ, ಸ್ಟ್ರಾಂಡ್. ನೆಲಮಾಳಿಗೇಲಿ ನಮ್ಮ ಜೊತೆನೇ ಕೂತು ಹ್ಯಾಮ್ ಸ್ಯಾಂಡ್‌ವಿಚ್ ತಿಂದ್ರು. ನಾನು ಮಾಡಿದ್ದ ಸಿಹಿ, ನಿಂಬೆ ಬಾರ್, ಮೂರು ಮುಗಿಸಿ, ಇನ್ನೆರಡು ಕರ್ಚೀಫಲ್ಲಿ ಕಟ್ಕೊಂಡ್ ಹೋದ್ರು. ತಿನ್ಲಿ, ಅದಕ್ಕೇ ಮಾಡಿದ್ದು. ಆದ್ರೆ ಹೆಣ ನೋಡಿ ಹೋದೋರು ಹೆಣಕ್ಕೆ ಥ್ಯಾಂಕ್ಸ್ ಹೇಳ್ತಾರಾ?"

ಡೋರೀನ್ ಅಷ್ಟಕ್ಕೇ ತಿರುಗಿದರು. ಬಾಗಿಲಲ್ಲಿ ಬೂಟಿಗೆ ಕಾಲು ತೂರಿಸುತ್ತ, "ಆ ಪಟ್ಟಿಯಿಂದ ಅವರ ಹೆಸರು ತೆಗೀರಿ. ಅಷ್ಟು ಮಾಡಿ," ಎಂದರು.

ಎಲ್ಲಿ ತೀರಿಕೊಂಡರು, ಏನಾಗಿತ್ತು ಎಂದು ಕೇಳಬೇಕೆಂದು ಮಾರ್ಲಿಸ್‌ಗೆ ಬಾಯಿಗೆ ಬಂತು. ಕೇಳಲಿಲ್ಲ. ಗಂಡ ಸತ್ತವಳನ್ನು ಹಾಗೆಲ್ಲ ಕೆದಕುವುದು ಈ ಊರಿನ ಮರ್ಯಾದೆಯಲ್ಲ. ಆ ಮರ್ಯಾದೆಗೆ ಬೆಂಕಿ ಬೀಳಲಿ ಎಂದು ಅರ್ಧ ಗಂಟೆಯೊಳಗೆ ಅವಳೇ ಶಪಿಸುವವಳಿದ್ದಳು.

ಅವಳು ಕಂಪ್ಯೂಟರಿನಲ್ಲಿ ರೇ ಹೆಸರು ಹಾಕಿ ಹುಡುಕಿದಳು. ಅಕ್ಟೋಬರ್ ಒಂಬತ್ತು, ಲೇಖನ ಸಂಖ್ಯೆ ನಾನೂರ ಹದಿನೇಳು.

ಅದೇ ಲೇಖನದ ಕೊನೆಯ ಕರಡು ಅವಳ ಮೊಣಕೈ ಕೆಳಗೇ ಇತ್ತು. ಶುಕ್ರವಾರ ಮಧ್ಯಾಹ್ನ ಹನ್ನೆರಡಕ್ಕೆ ಅಚ್ಚಿಗೆ. ಇವತ್ತು ಬುಧವಾರ.

ನಾರ್ತ್ ಬ್ಲಫ್ ಆಸ್ಪತ್ರೆಯ ಡಾಕ್ಟರ್ ಕ್ರೇಗ್ ಹೇಲಿಯ ಲೇಖನ ಅದು. ವೆಂಟಿಲೇಟರ್ ಮೇಲಿರುವ ರೋಗಿಯ ಗಂಟಲಿನಿಂದ ಟ್ಯೂಬ್ ತೆಗೆಯುವ ಮೊದಲು, ತಾನೇ ಉಸಿರಾಡಬಲ್ಲನೇ ಎಂದು ಯಂತ್ರದ ನೆರವು ತಗ್ಗಿಸಿ ಅರ್ಧ ಗಂಟೆ ನೋಡುವುದು ಹಳೆಯ ಪದ್ಧತಿ. ಅರ್ಧ ಗಂಟೆ ಬೇಡ, ಹತ್ತು ನಿಮಿಷ ಸಾಕು ಎನ್ನುತ್ತಾನೆ ಹೇಲಿ. ನೂರ ಹನ್ನೆರಡು ರೋಗಿಗಳು. ಟ್ಯೂಬ್ ಮತ್ತೆ ಹಾಕಬೇಕಾದವರು ನಾಲ್ವರು. ಸಾವು ಸೊನ್ನೆ.

ಸಂಪಾದಕಿಯ ಕುರ್ಚಿಗೆ ಬರುವ ಮೊದಲು ಮಾರ್ಲಿಸ್ ಇಪ್ಪತ್ತೆರಡು ವರ್ಷ ವಾರ್ಡುಗಳಲ್ಲಿ ಉಸಿರಾಟ ಚಿಕಿತ್ಸಕಿಯಾಗಿ ದುಡಿದವಳು. ಪತ್ರಿಕೆಯ ಕೋಷ್ಟಕಗಳನ್ನು ಕತ್ತರಿಸಿ ಯಂತ್ರಕ್ಕೆ ಅಂಟಿಸಿಕೊಳ್ಳುತ್ತಿದ್ದವಳು. ಈ ಕೋಷ್ಟಕವೂ ಮುಂದಿನ ವಾರದ ಹೊತ್ತಿಗೆ ನೂರಾರು ಯಂತ್ರಗಳ ಮೇಲೆ ಕೂರುತ್ತದೆ. ಆ ಸೊನ್ನೆ ಸುಳ್ಳಾಗಿದ್ದರೆ ಹತ್ತು ನಿಮಿಷ ನೋಡಿ ಟ್ಯೂಬ್ ಕೀಳುವವರು ಯಾರೋ, ಸಾಯುವವರು ಯಾರೋ.

ಅವಳು ವಿಮರ್ಶೆ ತೆರೆದಳು. ತಿಂಗಳಿಗೆ ನಲವತ್ತು ಲೇಖನ ಬರುತ್ತವೆ. ವಿಮರ್ಶಕರನ್ನು ಹುಡುಕುವುದು, ತಡವಾದರೆ ಕಾಡುವುದು ಅವಳ ಕೆಲಸ. ಬಂದದ್ದನ್ನು ಓದಿ ತೀರ್ಮಾನಿಸುವುದು ಪ್ರಧಾನ ಸಂಪಾದಕ ಡಾಕ್ಟರ್ ಆರ್ಲೆನ್ ಸ್ಟ್ರಾಂಡ್‌ರದು. ಹಾಗಾಗಿ ಇದನ್ನು ಓದುತ್ತಿದ್ದುದು ಇದೇ ಮೊದಲು.

ಹೊಗಳಿಕೆ ಇರುತ್ತದೆ ಎಂದುಕೊಂಡಿದ್ದಳು. ಸತ್ತವನ ಹೆಸರು ಕದ್ದವನು ಲೇಖನ ಪಾಸು ಮಾಡಿಸಲೆಂದೇ ತಾನೇ ಕದಿಯುವುದು?

ಹೊಗಳಿಕೆಯ ಮಾತೇ ಇರಲಿಲ್ಲ.

'ಮೂರನೆಯ ಕೋಷ್ಟಕ ಸರಿಯಿಲ್ಲ. ಟ್ಯೂಬ್ ಮತ್ತೆ ಹಾಕಿದ್ದು ಐವರಿಗೆ. ಏಳನೆಯ ಹಾಸಿಗೆಯ ಮನುಷ್ಯ ಎಲ್ಲಿ ಹೋದ? ಹತ್ತನೆಯ ನಿಮಿಷಕ್ಕೆ ಟ್ಯೂಬ್ ತೆಗೆದಿರಿ, ಐದು ಗಂಟೆಗೆ ವಾಪಸ್ ಹಾಕಿದಿರಿ, ಮರುದಿನ ಆತ ಸತ್ತ. ವೆಂಟಿಲೇಟರ್ ತನ್ನ ನೆನಪಿನಲ್ಲಿ ಎಲ್ಲವನ್ನೂ ಇಟ್ಟುಕೊಂಡಿರುತ್ತದೆ. ಅದನ್ನು ತರಿಸಿ ನೋಡುವವರೆಗೆ ಇದನ್ನು ಅಚ್ಚು ಮಾಡಬೇಡಿ.'

ಮಾರ್ಲಿಸ್ ಎರಡು ಸಲ ಓದಿದಳು. ಲೇಖನದಲ್ಲಿ ಹಾಸಿಗೆಯ ಸಂಖ್ಯೆಗಳೇ ಇಲ್ಲ. ಬರೆದವರು ಲೇಖನ ಓದಿ ಇದನ್ನು ತಿಳಿದದ್ದಲ್ಲ. ಆ ವಾರ್ಡಿನಲ್ಲಿ ನಿಂತು ನೋಡಿದವರು.

ವಿಮರ್ಶೆಯ ತಲೆಯ ಮೇಲೆ ಒಂದು ಬೂದು ಪಟ್ಟಿ: 'ಬಳಸಿಲ್ಲ — ಆ. ಸ್ಟ್ರಾಂಡ್'. ಹೇಲಿಗೆ ಹೋದ ಒಪ್ಪಿಗೆಯ ಪತ್ರದಲ್ಲಿ ಇದರ ಸುಳಿವೂ ಇರಲಿಲ್ಲ. ಬದಿಗೆ ಎಸೆದ ಮೇಲೂ ಕಂಪ್ಯೂಟರ್ ಮಾತ್ರ ತನ್ನ ಪಾಡಿಗೆ ತಾನು ಇದನ್ನೂ ಒಂದು ವಿಮರ್ಶೆಯೆಂದು ಎಣಿಸಿಕೊಂಡು, ವರ್ಷದ ಕೊನೆಗೆ ಮಗ್ ಕಳಿಸುವ ಪಟ್ಟಿಗೆ ಸೇರಿಸಿಬಿಟ್ಟಿತ್ತು. ಸ್ಟ್ರಾಂಡ್ ಮುನ್ನೂರು ಕಾರ್ಡುಗಳಿಗೆ ಕಣ್ಣು ಮುಚ್ಚಿ ಸಹಿ ಹಾಕಿದ್ದರು. ಪ್ರತಿ ವರ್ಷವೂ ಹಾಗೇ ಹಾಕುತ್ತಾರೆ.

ಇನ್ನೊಂದು ಉಳಿದಿತ್ತು. ಲೇಖನ ರೇ ಹೆಸರಿಗೆ ಹೋಗಿದ್ದು ಯಾವ ವಿಳಾಸಕ್ಕೆ? ಹಳೆಯ ಇಮೇಲ್ ವಿಳಾಸ ಸೆಪ್ಟೆಂಬರ್ ಹದಿನೆಂಟಕ್ಕೆ ಬದಲಾಗಿತ್ತು. ಬದಲಾಯಿಸಿದವರು: 'ಮಾ. ಕೊಸ್ಕಿ'.

ಆಗ ಬಂದಿದ್ದ ಮೇಲ್ ಈಗ ನೆನಪಾಯಿತು. 'ಹಳೆಯ ವಿಳಾಸ ನಿಂತುಹೋಗಿದೆ, ಇನ್ನು ಮೇಲೆ ಇಲ್ಲಿಗೆ ಬರೆಯಿರಿ. ಟ್ಯೂಬ್ ತೆಗೆಯುವ ಕುರಿತು ಏನಾದರೂ ಬಂದಿದ್ದರೆ ಕಳಿಸಿ, ಕೈ ಖಾಲಿ ಇದೆ — ರೇ.' ಕೇಳಿ ಕೆಲಸ ಮಾಡುವ ವಿಮರ್ಶಕ ಸಿಕ್ಕನಲ್ಲ ಎಂದು ಕುಣಿದಾಡಿ ಅವಳೇ ಕಳಿಸಿದ್ದಳು. ಒಂದು ಫೋನ್ ಮಾಡಿ ವಿಚಾರಿಸಿರಲಿಲ್ಲ. 'ನಿಮ್ಮಿಂದ ಕೇಳಿ ಎಷ್ಟು ಖುಷಿಯಾಯಿತು' ಎಂದು ಬೇರೆ ಬರೆದಿದ್ದಳು. ಸತ್ತವನಿಗೆ.

ಮಾರ್ಲಿಸ್ ಕರಡನ್ನು ಕೈಯಲ್ಲಿ ಹಿಡಿದು ಮೇಲಿನ ಮಹಡಿಗೆ ಹತ್ತಿದಳು. ಮೊದಲ ಪುಟದಲ್ಲಿ ಅವಳೇ ಸೋಮವಾರ ಕೆಂಪು ಶಾಯಿಯಲ್ಲಿ ಹಾಕಿದ ತಿದ್ದುಪಡಿಯಿತ್ತು. ಅಚ್ಚಿಗೆ ಮುನ್ನ ಲೇಖಕರೆಲ್ಲರೂ ಒಪ್ಪಿಗೆಗೆ ಸಹಿ ಹಾಕಬೇಕು. ಒಂದು ಸಹಿ ಕಡಿಮೆಯಾದರೂ ಲೇಖನ ಕದಲದು. ಸತ್ತವರಿಗೆ ಮಾತ್ರ ವಿನಾಯಿತಿ. ಐವರಲ್ಲಿ ನಾಲ್ವರ ಸಹಿ ಬಂದು, ಮೂರನೆಯ ಲೇಖಕಿ ಟ್ರೀನಾ ವುಕೆಲಿಚ್‌ಳದು ಎರಡು ವಾರದಿಂದ ಬಾಕಿಯಿತ್ತು. ಸೋಮವಾರ ಹೇಲಿಯ ಮೇಲ್ ಬಂತು: ಆಕೆ ತೀರಿಕೊಂಡಿದ್ದಾರೆ. ಪಾಪ ಎಂದುಕೊಂಡು ಮಾರ್ಲಿಸ್ ಸಂತಾಪದ ನಾಲ್ಕು ಸಾಲು ಬರೆದು, ಟ್ರೀನಾಳ ಹೆಸರಿನ ಪಕ್ಕ ಮೃತರೆಂದು ತೋರಿಸುವ ಪುಟ್ಟ ಕತ್ತಿಯ ಗುರುತು ಹಾಕಿದ್ದಳು.

ಸ್ಟ್ರಾಂಡ್ ಕಿಟಕಿಯಿಂದ ಸರೋವರ ನೋಡುತ್ತ ಸೂಪು ಕುಡಿಯುತ್ತಿದ್ದರು. ಅರವತ್ತೊಂಬತ್ತು ವರ್ಷ, ನೆಟ್ಟನೆ ಬೆನ್ನು. ಮಾರ್ಚಿನಲ್ಲಿ ನಿವೃತ್ತಿ. ಅದಕ್ಕೆ ಮುಂಚಿನ ಕೊನೆಯ ದೊಡ್ಡ ಸಂಚಿಕೆ ಇದು, ಮುಖಪುಟದಲ್ಲಿ ತನ್ನ ಮೆಚ್ಚಿನ ಶಿಷ್ಯ ಹೇಲಿಯ ಲೇಖನ.

"ಬಾ ಮಾರ್ಲಿಸ್. ಸೂಪ್ ಕುಡೀತೀಯಾ? ನನ್ನ ಹೆಂಡ್ತಿ ಊರಿಗಾಗುವಷ್ಟು ಮಾಡಿದಾಳೆ."

"ಬೇಡ ಡಾಕ್ಟ್ರೇ. ರೇ ಟುಮೆಲಾ ಸತ್ತಿದ್ದು ನಿಮಗೆ ಗೊತ್ತಿತ್ತಾ?"

ಚಮಚ ಅರ್ಧಕ್ಕೆ ನಿಂತಿತು. "ಯಾಕೆ?"

"ಗೊತ್ತಿತ್ತಾ ಇಲ್ವಾ?"

"ತಿಂಗಳಿಗೆ ನಲವತ್ತು ಲೇಖನ ನೋಡ್ತೀನಿ. ಹೆಸರೆಲ್ಲ ಎಲ್ಲಿ ನೆನಪಿರತ್ತೆ..."

"ನಿಂಬೆ ಬಾರ್ ನೆನಪಿದೆಯಾ? ಮೂರು ತಿಂದ್ರಂತೆ. ಎರಡು ಕಟ್ಕೊಂಡು ಬಂದ್ರಂತೆ."

ಸ್ಟ್ರಾಂಡ್ ಚಮಚ ಕೆಳಗಿಟ್ಟು ಬಾಯಿ ಒರೆಸಿಕೊಂಡರು. ಎದ್ದು ಬಾಗಿಲು ಮುಚ್ಚಿದರು.

"ಸರಿ, ಗೊತ್ತಿತ್ತು. ಸತ್ತೋನ ಹೆಸರಲ್ಲಿ ಒಂದು ವಿಮರ್ಶೆ ಬಂತು. ಯಾವನೋ ಮೋಸಗಾರ. ಬಿಸಾಕ್ದೆ. ಇನ್ನೇನು ಫ್ರೇಮ್ ಹಾಕಿಸ್ಬೇಕಿತ್ತಾ?"

"ನಂಗ್ಯಾಕೆ ಹೇಳ್ಲಿಲ್ಲ?"

"ಹೇಳಿದ್ರೆ ವಿಚಾರಣೆ. ವಿಚಾರಣೆ ಅಂದ್ರೆ ಆರು ತಿಂಗಳು. ಹೇಲಿ ಮೂರು ವರ್ಷ ದುಡಿದಿದ್ದಾನೆ ಅದಕ್ಕೆ. ಯಾರೋ ಹೊಟ್ಟೆಕಿಚ್ಚಿನವರು ಬರೆದ ಒಂದು ಪುಟಕ್ಕೆ ಅವನ ಬಾಳು ಹಾಳ್ಮಾಡ್ಲಾ?"

"ಹೆಸರು ಸುಳ್ಳು, ಒಪ್ತೀನಿ. ಮಾತೂ ಸುಳ್ಳೇ ಅಂತ ಹೇಗ್ ಹೇಳ್ತೀರಿ? ಏಳನೇ ಹಾಸಿಗೆ ಬಗ್ಗೆ ಹೇಲಿನ ಒಂದು ಮಾತು ಕೇಳಿದ್ರಾ?"

"ಕೇಳ್ದೆ." ಸ್ಟ್ರಾಂಡ್‌ರ ದನಿಯಲ್ಲಿ ಈಗ ಗೆಲುವಿತ್ತು. "ಅಷ್ಟು ಬೇಜವಾಬ್ದಾರಿ ಮನುಷ್ಯ ಅಲ್ಲ ನಾನು. ಅವನು ನಕ್ಕುಬಿಟ್ಟ. ಆ ವಾರ್ಡಲ್ಲಿ ಇರೋದೇ ಆರು ಹಾಸಿಗೆ. ಏಳು ಅನ್ನೋದೇ ಇಲ್ಲ. ನಾನೇ ನಕ್ಷೆ ತರಿಸಿ ಎಣಿಸಿದೀನಿ. ಸಾಕಾ?"

ಮಾರ್ಲಿಸ್ ತಬ್ಬಿಬ್ಬಾದಳು. ಆರೇ ಹಾಸಿಗೆಯಿದ್ದರೆ ವಿಮರ್ಶೆ ಬರಿಯ ಕಟ್ಟುಕತೆ. ಆದರೂ ಯಂತ್ರದ ನೆನಪು ತರಿಸಿ ನೋಡಿ ಎನ್ನುವ ಧೈರ್ಯ ಕಟ್ಟುಕತೆಯವರಿಗೆ ಇರುತ್ತದೆಯೇ?

"ಯಂತ್ರದ ದಾಖಲೆ ತರಿಸೋಣ ಡಾಕ್ಟ್ರೇ. ಒಂದು ಸಂಚಿಕೆ ತಡ ಆಗತ್ತೆ, ಅಷ್ಟೇ ತಾನೇ?"

"ಆ ವಿಳಾಸ ಬದಲಾಯಿಸಿದ್ದು ಯಾರು ಮಾರ್ಲಿಸ್?"

ಅವಳು ಕರಡನ್ನು ಮಡಿಸಿ ಕಂಕುಳಿಗೆ ಸೇರಿಸಿದಳು.

"ನಾನೂ ನೋಡಿದೀನಿ ಆ ದಾಖಲೆ. ವಿಚಾರಣೆ ಅಂತ ಶುರುವಾದ್ರೆ ಮೊದಲು ಕೇಳೋದು ನಿನ್ನನ್ನೇ. ಗುರುತು ಪರಿಚಯ ಇಲ್ದೋರಿಗೆ ಗುಟ್ಟಿನ ಲೇಖನ ಕಳಿಸಿದವಳು ಅಂತ ನಾಳೆ ನಿನ್ನ ಈ ಕುರ್ಚಿಯಿಂದ ಎಬ್ಬಿಸ್ತಾರೆ. ಆ ಕಾಗದ ಬಿಸಾಕಿ ನಾನು ನಿನ್ನನ್ನೂ ಉಳಿಸಿದೀನಿ. ಹೋಗು, ಮುಖ ತೊಳ್ಕೊಂಡು ಕೆಲಸ ನೋಡು."

ಹೆದರಿಕೆಯಾಯಿತು, ಇಲ್ಲವೆನ್ನುವುದೇಕೆ? ಐವತ್ತೆಂಟಕ್ಕೆ ಕೆಲಸ ಕಳೆದುಕೊಂಡರೆ ಮತ್ತೆ ಯಾರು ಕರೆಯುತ್ತಾರೆ. ಅದಕ್ಕಿಂತ ಹೆಚ್ಚಾಗಿ ಸಿಟ್ಟು ಬಂತು. ಈ ಮನುಷ್ಯನ ಕೈಕೆಳಗೆ ಹದಿನಾಲ್ಕು ವರ್ಷ ಕೆಲಸ ಮಾಡಿದ್ದಳು, ಒಳ್ಳೆಯವರೆಂದು ನಂಬಿಯೇ.

"ನಿಮ್ಮ ಸೂಪ್ ಆರ್ತಿದೆ," ಎಂದಷ್ಟೇ ಹೇಳಿ ಕರಡು ಹಿಡಿದುಕೊಂಡು ಹೊರಬಂದಳು.

ಕೆಳಗಿನ ಬಾಗಿಲ ಬಳಿ ಬೆಂಚಿನ ಮೇಲೆ ಡೋರೀನ್ ಇನ್ನೂ ಕೂತಿದ್ದರು, ಕೈಚೀಲ ತೊಡೆಯ ಮೇಲೆ.

ಮಾರ್ಲಿಸ್ ಪಕ್ಕದಲ್ಲಿ ಕೂತಳು. "ಬಸ್ಸಿಗೆ ಕಾಯ್ತಿದೀರಾ ಅಮ್ಮ?"

"ಕಾರ್ ಬರತ್ತೆ. ಗಾಜಿನ ಮೇಲೆ ಮಂಜು ಕಟ್ಟಿದೆಯಂತೆ, ಕೆರೀತಿದಾಳೆ."

"ಒಂದು ಮಾತು ಕೇಳ್ತೀನಿ, ತಪ್ಪು ತಿಳ್ಕೋಬೇಡಿ. ರೇ ಅವರು ಎಲ್ಲಿ ತೀರ್ಕೊಂಡ್ರು?"

"ನಾರ್ತ್ ಬ್ಲಫಲ್ಲಿ. ನ್ಯುಮೋನಿಯಾ. ಜನ ಕಿಕ್ಕಿರಿದಿದ್ರು ಆಗ, ಜ್ವರದ ಕಾಲ. ಹಾಸಿಗೇನೇ ಇರ್ಲಿಲ್ಲ. ಕೊನೆಗೆ ಸಾಮಾನಿಡೋ ಕೋಣೆ ಖಾಲಿ ಮಾಡಿ ಅಲ್ಲೇ ಮಲಗಿಸಿದ್ರು, ಆ ಉಸಿರಾಟದ ಮೆಷಿನ್ ಜೊತೆ." ಡೋರೀನ್ ಮೂಗು ಒರೆಸಿಕೊಂಡರು. "ಬಾಗಿಲಿಗೆ ಒಂದು ಬಿಳಿ ಟೇಪ್ ಅಂಟಿಸಿ, ಪೆನ್ನಲ್ಲಿ ಏಳು ಅಂತ ಗೀಚಿದ್ರು. 'ನಲವತ್ತು ವರ್ಷ ಇದೇ ಕೆಲಸ ಮಾಡಿದೋನಿಗೆ ಪೊರಕೆ ಬಕೆಟ್ ಪಕ್ಕ ಜಾಗ ಕೊಟ್ರಲ್ಲೇ' ಅಂತ ಚೀಟೀಲಿ ಬರೆದು ತೋರ್ಸಿ ನಗ್ತಿದ್ರು. ಬಾಯಲ್ಲಿ ಟ್ಯೂಬ್ ಇತ್ತಲ್ಲ."

ಮಾರ್ಲಿಸ್ ಬೆಂಚಿನ ಅಂಚನ್ನು ಗಟ್ಟಿಯಾಗಿ ಹಿಡಿದುಕೊಂಡಳು. ನಕ್ಷೆಯಲ್ಲಿ ಆರೇ ಹಾಸಿಗೆ. ಸಾಮಾನಿನ ಕೋಣೆ ಯಾವ ನಕ್ಷೆಯಲ್ಲೂ ವಾರ್ಡಾಗಿ ಇರುವುದಿಲ್ಲ. ಜ್ವರದ ಕಾಲದಲ್ಲಿ ಅಂಥ ಹಾಸಿಗೆಗಳನ್ನು ಅವಳೇ ಎಷ್ಟು ಹಾಕಿಸಿಲ್ಲ! ಆ ಸೊನ್ನೆಯ ಕೆಳಗೆ ಬಚ್ಚಿಟ್ಟದ್ದು ರೇ ಟುಮೆಲಾನನ್ನೇ. ಆತನ ಸಾವನ್ನು ಮುಚ್ಚಿಟ್ಟ ಲೇಖನಕ್ಕೆ ಆತನ ಹೆಸರಿನಲ್ಲೇ ವಿಮರ್ಶೆ ಬಂದಿತ್ತು, ಅದನ್ನು ಆತನ ಸಾವಿನೂಟ ಉಂಡುಬಂದ ಸ್ಟ್ರಾಂಡ್ ಎಸೆದಿದ್ದರು.

"ಟ್ಯೂಬ್ ತೆಗೆದವರು ಯಾರು ಅಂತ ನೆನಪಿದೆಯಾ?"

"ಮರೀತೀನಾ? ಇನ್ನೂ ಸ್ವಲ್ಪ ಹೊತ್ತು ನೋಡೋಣ ಅಂತ ಮೆಷಿನ್ ನೋಡ್ಕೊಳ್ತಿದ್ದ ಹುಡುಗಿ ಗೋಗರೆದ್ಲು. ಆ ಹೇಲಿ ಡಾಕ್ಟ್ರು ಗಡಿಯಾರ ತೋರ್ಸಿ 'ಹತ್ತು ನಿಮಿಷ ಆಯ್ತು, ತೆಗಿ' ಅಂದ. ತೆಗೆದ್ಲು. ಆಮೇಲೆ ನನ್ನ ಮಡಿಲಲ್ಲಿ ತಲೆ ಇಟ್ಟು ಅತ್ತಿದ್ದೇ ಅತ್ತಿದ್ದು. ಈಗ್ಲೂ ವಾರಕ್ಕೊಂದ್ಸಲ ಮನೆಗೆ ಬಂದು ಹಿಮ ಎತ್ತಿಹಾಕಿ ಹೋಗ್ತಾಳೆ. ರೇ ಬರೆದಿಟ್ಟಿದ್ದ ಹಳೇ ವಿಮರ್ಶೆಗಳ ಫೈಲ್ ಇತ್ತು, ಕಲೀತೀನಿ ಅಂತ ಅದನ್ನೂ ಇಸ್ಕೊಂಡ್ಲು."

"ಹೆಸರೇನಮ್ಮ ಅವಳದು?"

"ಟ್ರೀನಾ. ಟ್ರೀನಾ ವುಕೆಲಿಚ್."

ಮಾರ್ಲಿಸ್ ಮಡಿಲಿನ ಕರಡನ್ನು ನೋಡಿದಳು. ಮೂರನೆಯ ಹೆಸರು. ಅದರ ಪಕ್ಕ ತನ್ನದೇ ಕೈಯ ಕೆಂಪು ಕತ್ತಿ. ಅಯ್ಯೋ, ಈ ಮುದುಕಿಗೆ ವಿಷಯ ಗೊತ್ತಿಲ್ಲ, ಹೇಗೆ ಹೇಳಲಿ ಎಂದುಕೊಂಡಳು.

"ಅಮ್ಮ... ಟ್ರೀನಾನ ನೀವು ಕೊನೇ ಸಲ ನೋಡಿದ್ದು ಯಾವಾಗ?"

ಡೋರೀನ್ ಇವಳಿಗೆ ಬುದ್ಧಿ ನೆಟ್ಟಗಿಲ್ಲವೇ ಎಂಬಂತೆ ನೋಡಿದರು. "ಈಗ ತಾನೇ. ಮಗ್ ನೋಡಿ ಮುಖ ಬಿಳಿಚಿಕೊಂಡ್ಲು, ನಡೀರಿ ಅಲ್ಲಿಗೇ ಹೋಗಿ ಕೊಡೋಣ ಅಂತ ಅವಳೇ ಕರ್ಕೊಂಡ್ ಬಂದ್ಲು. ಒಳಗೆ ಬಾ ಅಂದ್ರೆ ಮಾತ್ರ ಒಲ್ಲೆ ಅಂದ್ಲು. ಅಗೋ ಅಲ್ಲಿ."

ಗಾಜಿನ ಬಾಗಿಲಾಚೆ ಹಳೆಯ ಹಸಿರು ಕಾರು. ಮೂವತ್ತೈದರ ಹೆಂಗಸೊಬ್ಬಳು ಬಗ್ಗಿ ಗಾಜು ಕೆರೆಯುತ್ತಿದ್ದಳು. ಅವಳ ಬಾಯಿಂದ ಉಸಿರು ಬೆಳ್ಳಗೆ, ಧಾರಾಳವಾಗಿ ಹೊರಬರುತ್ತಿತ್ತು.

ಮಾರ್ಲಿಸ್ ಬೂಟು ಹಾಕುವುದನ್ನೂ ಮರೆತು ಕಾಲುಚೀಲದಲ್ಲೇ ಹಿಮಕ್ಕೆ ಓಡಿದಳು. ಹೆಂಗಸು ತಲೆಯೆತ್ತಿದಳು. ಹೆದರಿದ ಕಣ್ಣು. ಮಾರ್ಲಿಸ್ ಏನೂ ಹೇಳದೆ ಕರಡಿನ ಮೊದಲ ಪುಟ ಮುಂದೆ ಹಿಡಿದಳು.

ಟ್ರೀನಾ ತನ್ನ ಹೆಸರು ಓದಿದಳು. ಪಕ್ಕದ ಗುರುತು ನೋಡಿದಳು. ಕೆರೆಯುವ ಸಲಕರಣೆ ಕೈಯಿಂದ ಜಾರಿತು.

"ಸಹಿ ಹಾಕಲ್ಲ ಅಂತ ಹೇಳಿದ್ದೆ ಅಷ್ಟೇ," ಎಂದಳು ಮೆಲ್ಲಗೆ. "ಸತ್ತಿದೀನಿ ಅಂತ ಹೇಳಿರ್ಲಿಲ್ಲ."

"ಮಷಿನ್ನಿನ ದಾಖಲೆ ಎಲ್ಲಿದೆ ಟ್ರೀನಾ?"

"ನನ್ನ ಹತ್ರ ಇದೆ. ಎಲ್ಲಾ ಇದೆ. ರೇ ಹೆಸರಲ್ಲಿ ಬರೆದಿದ್ದೂ ನಾನೇ. ಶುಕ್ರವಾರದವರೆಗೆ ಟೈಮ್ ಇದೆಯಲ್ಲ?"

ಇದೆ ಎನ್ನುವಷ್ಟರಲ್ಲಿ ಮಾರ್ಲಿಸ್‌ಳ ಜೇಬಿನ ಫೋನ್ ಬಡಿದುಕೊಂಡಿತು. ಅಚ್ಚುಮನೆಯ ವೆಂಡೆಲ್. ಹಿನ್ನೆಲೆಯ ಸದ್ದಿಗೆ ಅವನು ಕೂಗಿ ಮಾತಾಡುತ್ತಿದ್ದ.

"ಏನ್ ಮಾರ್ಲಿಸ್, ನಿಮ್ಮ ಡಾಕ್ಟ್ರಿಗೆ ಏನ್ ಅವಸರ? ಈಗ ತಾನೇ ಫೋನ್ ಮಾಡಿ, ಶುಕ್ರವಾರದವರೆಗೆ ಕಾಯ್ಬೇಡ, ಇವತ್ತೇ ಹಾಕು ಅಂದ್ರು. ಮೆಷಿನ್ ರೆಡಿನೇ ಇತ್ತು, ಹಾಕ್ಬಿಟ್ಟೆ ನೋಡು, ಮೊದಲ ಕಟ್ಟು ಆಗ್ಲೇ ಲಾರಿ ಹತ್ತಾ ಇದೆ."